ಮೊದಲು ಮೋರಿ, ಆಮೇಲೆ ಬಾಗಿಲು: ಮುಂಬಯಿಯ ನೆಲಮಹಡಿಗೆ ಮಳೆಗಾಲದ ತಯಾರಿ

ಸಯಾನ್, ಕುರ್ಲಾ, ದಾದರಿನ ಹಿಂದ್‌ಮಾತಾ ಸುತ್ತಮುತ್ತ ನಮ್ಮವರ ಹೋಟೆಲು, ಚಾಳಿನ ಮನೆಗಳಲ್ಲಿ ಜೂನ್ ಬಂತೆಂದರೆ ಬಾಗಿಲಿಗೆ ಮರಳಿನ ಚೀಲ ಒಟ್ಟುತ್ತಾರೆ. ಆದರೂ ಒಳಗೆ ನೀರು ತುಂಬುತ್ತದೆ. ಅದು ಮೊದಲು ಏಳುವುದೇ ಬಚ್ಚಲಿನ ಮೋರಿಯಿಂದ.

ನಗರದ ಹಳೆಯ ಮಳೆಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ ಕಟ್ಟಿದವು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗೆ 944 ಮಿ.ಮೀ. ಸುರಿದ ಮೇಲೆ ಅವನ್ನು 50 ಮಿ.ಮೀ.ಗೆ ಏರಿಸುವ ಕೆಲಸ ಚುರುಕಾಯಿತು. ಹಾಜಿ ಅಲಿ, ಇರ್ಲಾ ಮುಂತಾದೆಡೆ ಪಂಪಿಂಗ್ ಸ್ಟೇಷನ್ ಬಂದವು. ಆದರೆ ಸಮುದ್ರ ಬಿಸಿಯಾದಷ್ಟೂ ಗಾಳಿ ಹೆಚ್ಚು ತೇವ ಹೊರುತ್ತದೆ, ದಿನದ ಮಳೆ ಎರಡು ಮೂರು ಗಂಟೆಯಲ್ಲೇ ಹೊಯ್ದುಬಿಡುತ್ತದೆ. ಆ ಹೊತ್ತಿಗೇ ಉಬ್ಬರವಿದ್ದರೆ ಚರಂಡಿಗಳ ಬಾಯಿ ಸಮುದ್ರದ ನೀರಿನಡಿ ಮುಳುಗಿರುತ್ತದೆ. ಹೋಗಲು ದಾರಿಯಿಲ್ಲದ ನೀರು ಪೈಪುಗಳಲ್ಲಿ ಹಿಂದಕ್ಕೆ ಏರುತ್ತದೆ.

ಪಾಲಿಕೆ ಮಳೆಗಾಲಕ್ಕೆ ಮೊದಲೇ 4.5 ಮೀಟರ್ ಮೀರುವ ಉಬ್ಬರದ ದಿನಗಳ ಪಟ್ಟಿ ಕೊಡುತ್ತದೆ; ಗಲ್ಲಾದ ಪಕ್ಕ ಅಂಟಿಸಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಂಥ ದಿನ ಹವಾಮಾನ ಇಲಾಖೆಯ ಭಾರೀ ಮಳೆಯ ರೆಡ್ ಅಲರ್ಟೂ ಇದ್ದರೆ ಉಬ್ಬರಕ್ಕೆ ಎರಡು ಗಂಟೆ ಮುಂಚೆ ಮೋರಿ ಮುಚ್ಚಿ.

ನಹಾನಿ ಟ್ರ್ಯಾಪಿನ, ಅಂದರೆ ಬಚ್ಚಲ ನೆಲದ ಮೋರಿಬಾಯಿಯ, ಜಾಳಿಗೆ ತೆಗೆದು, ಕೂದಲು, ಸಾಬೂನಿನ ಗಸಿ ಒರೆಸಿ, ಪೈಪಿನ ಅಳತೆಯ ರಬ್ಬರ್ ಟೆಸ್ಟ್ ಪ್ಲಗ್ (ಬಿಗಿದರೆ ಉಬ್ಬಿ ಪೈಪು ಮುಚ್ಚುವ ಬಿರಡೆ) ಇಳಿಸಿ, ಕೈಯಲ್ಲೇ ತಿರುಗಿಸುವ ಅದರ ವಿಂಗ್ ನಟ್ ಬಿಗಿ ಮಾಡಿ. ಜಿಡ್ಡಿದ್ದರೆ ಪ್ಲಗ್ ಜಾರಿ ಮೇಲೆ ಬರುತ್ತದೆ. ಕಮೋಡಿಗೆ ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಮರಳಿನ ಚೀಲ ಒತ್ತಿ ಕೂರಿಸಿ. 4 ಇಂಚಿನ ಪೈಪಿನ ಬಾಯಿಗೆ ಒಂದು ಅಡಿ ನೀರು ಕೊಡುವ ಒತ್ತಡ ಸುಮಾರು ಎರಡೂವರೆ ಕೆ.ಜಿ.; ಎರಡು ಅಡಿಗೆ 10 ಕೆ.ಜಿ. ಚೀಲ ಧಾರಾಳ.

ಶಾಶ್ವತ ಉಪಾಯ ನಾನ್ ರಿಟರ್ನ್ ವಾಲ್ವ್, ಅಂದರೆ ನೀರನ್ನು ಹೊರಕ್ಕೆ ಮಾತ್ರ ಬಿಟ್ಟು ಹಿಂದಕ್ಕೆ ಬಂದರೆ ಮುಚ್ಚಿಕೊಳ್ಳುವ ವಾಲ್ವ್. ನಿಮ್ಮ ಪೈಪು ಹೊರಗಿನ ಛೇಂಬರಿಗೆ ಸೇರುವ ಜಾಗದಲ್ಲಿ, ಬಾಣದ ಗುರುತು ಬೀದಿಯ ಕಡೆ ಇರುವಂತೆ ಕೂರಿಸಿ. ಇಲ್ಲಿ ಒಂದು ಎಚ್ಚರ ಬೇಕು: ಮೇಲಿನ ಮಹಡಿಗಳ ನೀರೂ ಬರುವ ಕಾಮನ್ ಲೈನಿಗೆ ಹಾಕಿದಿರೋ, ವಾಲ್ವ್ ಮುಚ್ಚಿದಾಗ ಅವರ ಕೊಳಚೆ ನಿಮ್ಮ ಬಚ್ಚಲಲ್ಲೇ ಉಕ್ಕುತ್ತದೆ. ಸ್ವಂತ ಕವಲಿಗೆ ಮಾತ್ರ ಹಾಕಿ. ಹೋಟೆಲಾದರೆ ಗ್ರೀಸ್ ಟ್ರ್ಯಾಪ್ (ಎಣ್ಣೆ ಜಿಡ್ಡು ತಡೆದಿಡುವ ತೊಟ್ಟಿ) ದಾಟಿದ ಮೇಲೆ. ಅಲ್ಲಿಗೂ ಎಣ್ಣೆಯ ಗಡ್ಡೆ ಬಂದು ವಾಲ್ವಿನ ಮುಚ್ಚಳ ಅರೆತೆರೆದು ನಿಲ್ಲುವುದುಂಟು, ವಾಲ್ವ್ ಕೈಕೊಡುವುದು ಹೆಚ್ಚಾಗಿ ಹೀಗೆಯೇ. ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಬಿಸಿನೀರಲ್ಲಿ ತೊಳೆಯಿರಿ.

ಬಾಗಿಲಿಗೆ 19 ಮಿ.ಮೀ. ಮರೀನ್ ಪ್ಲೈ ಹಲಗೆ, ಎರಡೂ ಕಡೆ ಅಲ್ಯುಮಿನಿಯಂ ಚಾನೆಲ್, ಅಡಿಗೂ ಬದಿಗೂ ರಬ್ಬರ್ ಪಟ್ಟಿ. ಎತ್ತರ ಎರಡು ಅಡಿ ಮೀರದಿರಲಿ. ಮೀಟರ್ ಅಗಲದ ಹಲಗೆಯನ್ನು ಎರಡು ಅಡಿ ನೀರು ಸುಮಾರು 180 ಕೆ.ಜಿ. ಬಲದಿಂದ ತಳ್ಳುತ್ತದೆ, ಅಂಟು ಹಚ್ಚಿದ ಚಾನೆಲ್ ನಿಲ್ಲದು, ಆಂಕರ್ ಬೋಲ್ಟೇ ಬೇಕು. ಅದಕ್ಕಿಂತ ಎತ್ತರಿಸಿದರೆ ನಾಲ್ಕೂವರೆ ಇಂಚಿನ ಗೋಡೆಗೇ ಅಪಾಯ.

ನೀರು ಹೊಸ್ತಿಲಿಗೆ ಬರುವ ಮುಂಚೆಯೇ ಮೇನ್ ಸ್ವಿಚ್ ಆರಿಸಿ, ನೀರಲ್ಲಿ ನಿಂತು ಮುಟ್ಟಲೇಬೇಡಿ. ಸಿಲಿಂಡರ್ ಖಾಲಿಯಾದಷ್ಟೂ ತೇಲುತ್ತದೆ, ಪೈಪು ಕಿತ್ತುಹೋಗುತ್ತದೆ: ರೆಗ್ಯುಲೇಟರ್ ತೆಗೆದು, ಗೋಡೆಗೆ ಸರಪಳಿ ಬಿಗಿಯಿರಿ. ಬೀದಿಯ ಮ್ಯಾನ್‌ಹೋಲ್ ಮುಚ್ಚಳವನ್ನಂತೂ ಯಾರೂ ಎತ್ತಬಾರದು. 2017ರ ಆಗಸ್ಟ್ 29ರ ಮಳೆಯಲ್ಲಿ ತೆರೆದ ಮ್ಯಾನ್‌ಹೋಲಿಗೆ ಬಿದ್ದು ವೈದ್ಯರೊಬ್ಬರು ಪ್ರಾಣ ಕಳೆದುಕೊಂಡರು. ನೀರು ನಿಂತರೆ ಪಾಲಿಕೆಯ 1916ಕ್ಕೆ ಫೋನ್ ಮಾಡಿ.

ಆ ನೀರಲ್ಲಿ ನಡೆದವರು, ಕಾಲಲ್ಲಿ ಗಾಯವಿದ್ದರಂತೂ, 72 ಗಂಟೆಯೊಳಗೆ ವೈದ್ಯರನ್ನು ಕಾಣಲಿ. ಇಲಿಜ್ವರಕ್ಕೆ ಮುಂಚಿತವಾಗಿ ಮಾತ್ರೆಯಿದೆ. ನೆಲದಡಿಯ ಟಾಂಕಿಗೆ ಕೊಳಚೆ ಸೇರಿದ್ದರೆ ಖಾಲಿ ಮಾಡಿ ಉಜ್ಜಿ ತೊಳೆದು, ತುಂಬಿಸಿ, 1,000 ಲೀಟರಿಗೆ 150 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಕದಡಿ 24 ಗಂಟೆ ಬಿಡಿ. ಆ ನೀರನ್ನೂ ಚೆಲ್ಲಿ, ಮತ್ತೆ ತುಂಬಿಸಿಕೊಂಡ ಮೇಲೆಯೇ ಅಡುಗೆಗೆ ಬಳಸಿ.