ಹಸಿರು ಲೇಸರ್‌ನಿಂದ ಒಳ್ಳೆಯ ಕೆಂಪು ಬೀಮ್: ನನ್ನ ಅನುಭವ

ನನಗೆ ಬೇಕಿದ್ದದ್ದು 683 ನ್ಯಾನೋಮೀಟರ್‌ನ ಕೆಂಪು ಬೆಳಕು. ಕೈಯಲ್ಲಿದ್ದದ್ದು 532ರ ಹಸಿರು ಪಲ್ಸ್ ಲೇಸರ್. ಅದಕ್ಕೇ ರಾಮನ್ ಸೆಲ್ ಕಟ್ಟಿದೆ, ಅಂದರೆ ಒಳಗಿನ ಅನಿಲದಿಂದ ಲೇಸರ್ ಬೆಳಕಿನ ಬಣ್ಣ ಬದಲಿಸುವ ಕೊಳವೆ. ಎರಡೂ ತುದಿಗೆ ಗಾಜಿನ ಕಿಟಕಿ ಇರುವ ಉದ್ದನೆಯ ಸ್ಟೀಲ್ ಕೊಳವೆ, ಒಳಗೆ 20 ಬಾರ್ ಒತ್ತಡದ ಹೈಡ್ರೋಜನ್, ಮುಂದೆ 1 ಮೀಟರ್ ಫೋಕಸ್‌ನ ಲೆನ್ಸ್.

ಅಣುಗಳಿಗೆ ತಾಗಿದ ಬೆಳಕು ಸ್ವಲ್ಪ ಶಕ್ತಿಯನ್ನು ಅವಕ್ಕೆ ಕೊಟ್ಟು ಬಣ್ಣ ಬದಲಿಸಿ ಚದುರಬಹುದು. 1928ರಲ್ಲಿ ಸಿ.ವಿ. ರಾಮನ್ ಕಂಡದ್ದು ಇಂಥ ತೀರಾ ಮಂದವಾದ ಚದುರುವಿಕೆ. ಲೇಸರ್ ತೀವ್ರತೆ ಒಂದು ಮಿತಿ ದಾಟಿದರೆ ಅದೇ ಬೆಳಕು ತನ್ನನ್ನು ತಾನೇ ಬೆಳೆಸಿಕೊಂಡು ನೆಟ್ಟಗೆ ಹೋಗುವ ಬೀಮ್ ಆಗುತ್ತದೆ. 1962ರಲ್ಲಿ ರೂಬಿ ಲೇಸರ್ ಒಳಗಿದ್ದ ನೈಟ್ರೋಬೆಂಜೀನ್ ಸೆಲ್‌ನಿಂದ ಇದು ಮೊದಲು ಗೊತ್ತಾಯಿತು.

ಸೆಲ್‌ನಿಂದ ಹೊರಬಂದ ಬೆಳಕಲ್ಲಿ ಸ್ವಲ್ಪವನ್ನೇ ಬಿಳಿ ಕಾರ್ಡ್ ಮೇಲೆ ಬೀಳಿಸಿ ಕ್ಯಾಮೆರಾದಲ್ಲಿ ನೋಡಿದೆ. (ಹಸಿರು ತಡೆಯುವ ಕನ್ನಡಕ ಒಂದೇ ಸಾಲದು, ಕೆಂಪು ಸಲೀಸಾಗಿ ಅದನ್ನು ದಾಟುತ್ತದೆ.) ಮೊದಲು ಬರೀ ಹಸಿರು, ಅಲ್ಲಲ್ಲಿ ಗೀರು, ಕಲೆ. ಶಕ್ತಿ ಏರಿಸಿದಂತೆ ನಡುವೆ ಕೆಂಪು ಚುಕ್ಕೆ ಮೂಡಿತು. ಗುಂಡಗೆ, ನುಣ್ಣಗೆ, ಹಸಿರಿಗಿಂತ ಎಷ್ಟೋ ಚೆನ್ನಾಗಿತ್ತು! ಫೋಕಸ್‌ನ ನಡುಭಾಗಕ್ಕೆ ಹೊಂದುವ ಬೆಳಕೇ ಜಾಸ್ತಿ ಬೆಳೆಯುತ್ತದೆ, ಉಳಿದದ್ದು ಹಿಂದೆ ಬೀಳುತ್ತದೆ. ಇನ್ನೂ ಏರಿಸಿದಾಗ ಸುತ್ತ ನೀಲಿ ಉಂಗುರ ಬಂತು, ಅದು 436ರ ಆಂಟಿ-ಸ್ಟೋಕ್ಸ್, ಅಂದರೆ ಹಸಿರಿಗಿಂತ ಹೆಚ್ಚು ಶಕ್ತಿಯ ಬೆಳಕು. ಅಲ್ಲಿಂದ ಮುಂದೆ ಕೆಂಪು ಚುಕ್ಕೆ ಹರಡತೊಡಗಿತು.

ಕಾರಣ ಶಾಖ. ಒಂದು ಹಸಿರು ಫೋಟಾನ್ ಕೆಂಪಾದಾಗ ಅದರ ಶಕ್ತಿಯ ಸುಮಾರು 22% ಅನಿಲದಲ್ಲೇ ಉಳಿಯುತ್ತದೆ. ಸೆಕೆಂಡಿಗೆ 10 ಪಲ್ಸ್ ಬಂದರೆ, ಬಿಸಿ ಆರುವ ಮುಂಚೆಯೇ ಮುಂದಿನದು ಹಾಜರು. ಬೇಸಿಗೆಯ ಡಾಂಬರು ರಸ್ತೆ ಮೇಲಿನ ಗಾಳಿಯಂತೆ ಅನಿಲ ಬೀಮನ್ನು ಬಾಗಿಸುತ್ತದೆ. ಪಲ್ಸ್ ದರ ಇಳಿಸಿದಾಗ ಚುಕ್ಕೆ ಮತ್ತೆ ಗುಂಡಗಾಯಿತು. ಆಮೇಲೆ ಹೀಲಿಯಂ ಬೆರೆಸಿ, ಸೆಲ್ ಒಳಗೆ ಪುಟ್ಟ ಫ್ಯಾನ್ ಕೂರಿಸಿ ಪೂರ್ತಿ ದರದಲ್ಲೇ ಓಡಿಸಿದೆ.

ಒತ್ತಡವನ್ನು ಸುಮ್ನೆ ಏರಿಸಬೇಡಿ. ಲೇಸರ್ ಒಂದೇ ಶುದ್ಧ ಆವರ್ತನದಲ್ಲಿದ್ದರೆ ಬ್ರಿಲೂಯಿನ್ ಚದುರುವಿಕೆ (ಅನಿಲದೊಳಗಿನ ಶಬ್ದದ ಅಲೆಗಳಿಂದ ಆಗುವಂಥದ್ದು) ಪಾಲು ಕೇಳಲು ಬರುತ್ತದೆ. ಆ ಬೆಳಕು ಬಂದ ದಾರಿಯಲ್ಲೇ ಹಿಂದಿರುಗಿ ನೇರ ಲೇಸರ್‌ಗೇ ನುಗ್ಗುತ್ತದೆ, ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಐಸೊಲೇಟರ್ ಇರಲೇಬೇಕು.

ಶಕ್ತಿಯೂ ಬೇಕು, ಚೊಕ್ಕ ಬೀಮೂ ಬೇಕು ಅಂದರೆ ಒಂದೇ ಸೆಲ್‌ನ ಮೇಲೆ ಒತ್ತಾಯ ಹಾಕಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಮಿತಿಯ ಹತ್ತಿರವೇ ಓಡುವ ಮೊದಲ ಸೆಲ್‌ನಿಂದ ಚೊಕ್ಕ ಕೆಂಪು ತೆಗೆದುಕೊಂಡೆ. ಮೊದಲ ಸೆಲ್‌ಗೆ ಕೊಡದೆ ಬೇರೆ ದಾರಿಯಲ್ಲಿ ತಂದ ಉಳಿದ ಹಸಿರಿನ ಜೊತೆ ಅದನ್ನು ಎರಡನೇ ಸೆಲ್‌ಗೆ ಬಿಟ್ಟು, ಅಲ್ಲಿ ಅಗಲ ಬೀಮ್‌ನಲ್ಲೇ ಬೆಳೆಸಿದೆ. ಎರಡೂ ಒಟ್ಟಿಗೆ ತಲುಪಬೇಕು. 8 ನ್ಯಾನೋಸೆಕೆಂಡ್ ಪಲ್ಸ್‌ನ ಉದ್ದ ಸುಮಾರು 2.4 ಮೀಟರ್. ಹಾಗಾಗಿ ದಾರಿಗಳ ಉದ್ದವನ್ನು ಟೇಪ್ ಹಿಡಿದು ಅಳೆದರೂ ಸಾಕು.