ತಿರುವಿ ಹಾಕಿದರೆ ಇಂಗ್ಲಿಷ್ ಬರುತ್ತದೆಯೇ? ಅಡ್ವರ್ಬ್ ಕಲಿಸಿದ ನನ್ನ ಅನುಭವ

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಸಂಜೆ ಹೊತ್ತು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತೇನೆ. ಆಳಂದ, ಸೇಡಂ, ಚಿಂಚೋಳಿ, ಜೇವರ್ಗಿ ಕಡೆಯಿಂದ ಬಂದು ರೂಮು ಮಾಡಿಕೊಂಡು ಇರುವವರೇ ಹೆಚ್ಚು. ಗೋ, ವೆಂಟ್, ಗಾನ್ ಎಲ್ಲ ಅವರಿಗೆ ಬಾಯಿಪಾಠ. ಟು, ಇನ್, ಅಟ್ ಥರದ ಪ್ರಿಪೊಸಿಷನ್ ಪಟ್ಟಿಯನ್ನೂ ಕಣ್ಣು ಮುಚ್ಚಿ ಒಪ್ಪಿಸುತ್ತಾರೆ. ಭೂತಕಾಲದ ಕ್ರಿಯಾಪದ, ಒಂದು ಅಡ್ವರ್ಬ್ (ಕ್ರಿಯಾವಿಶೇಷಣ), ಒಂದು ಪ್ರಿಪೊಸಿಷನ್ ಮೂರನ್ನೂ ಸೇರಿಸಿ ಒಂದು ವಾಕ್ಯ ಬರೀರಿ ಅಂದಾಗ ಮಾತ್ರ ಪೆನ್ನು ನಿಲ್ಲುತ್ತದೆ.

ಗೈಡುಗಳಲ್ಲಿ ಇದಕ್ಕೊಂದು ಸೂತ್ರ ಇರುತ್ತದೆ: ಮೊದಲು ರೀತಿ, ಆಮೇಲೆ ಸ್ಥಳ, ಕೊನೆಗೆ ಸಮಯ. ಸೂತ್ರ ಸುಳ್ಳಲ್ಲ, ಆದರೆ ಅಡ್ವರ್ಬ್ ಎಲ್ಲಿ ಕೂರಬಾರದು ಅನ್ನುವುದನ್ನು ಅದು ಹೇಳುವುದಿಲ್ಲ. ಪರೀಕ್ಷೆಯಲ್ಲಿ ಕೇಳುವುದು ಅದನ್ನೇ.

ನಾನು ಹಿಡಿದ ದಾರಿ ಬೇರೆ. ನಮ್ಮ ಹುಡುಗರ ನೋಟ್‌ಬುಕ್ ನೋಡುತ್ತಾ ಒಂದು ವಿಷಯ ಗಮನಕ್ಕೆ ಬಂತು. ಕನ್ನಡ ವಾಕ್ಯದಲ್ಲಿ ಕರ್ತೃವನ್ನು ಮುಂದಿಟ್ಟು, ಉಳಿದದ್ದನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುವಿ ಹಾಕಿದರೆ ಇಂಗ್ಲಿಷ್ ಆಗುತ್ತದೆ ಎಂದು ಅವರು ತಮಗೆ ಗೊತ್ತಿಲ್ಲದೆಯೇ ನಂಬಿದ್ದಾರೆ. ‘ಅವನು ಸ್ಟೇಷನ್ನಿಗೆ ನಿಧಾನವಾಗಿ ನಡೆದ’ ಎಂಬುದನ್ನು ತಿರುವಿ ನೋಡಿ: ‘ಹಿ ವಾಕ್ಡ್ ಸ್ಲೋಲಿ ಟು ದ ಸ್ಟೇಷನ್’. ಪಕ್ಕಾ ಸರಿ. ‘ಅವಳು ಪತ್ರವನ್ನು ಬೇಗ ಓದಿದಳು’ ಎಂಬುದನ್ನೂ ಹಾಗೇ ತಿರುವಿದರೆ ‘ಶಿ ರೆಡ್ ಕ್ವಿಕ್ಲಿ ದ ಲೆಟರ್’ ಆಗುತ್ತದೆ. ಇದು ತಪ್ಪು. ‘ಶಿ ಕ್ವಿಕ್ಲಿ ರೆಡ್ ದ ಲೆಟರ್’ ಅನ್ನಬೇಕು, ಇಲ್ಲವೇ ‘ಶಿ ರೆಡ್ ದ ಲೆಟರ್ ಕ್ವಿಕ್ಲಿ’.

ಒಂದೇ ಉಪಾಯ ಒಂದು ಕಡೆ ಪಾಸು, ಇನ್ನೊಂದು ಕಡೆ ಫೇಲು. ಕಾರಣ ಇಷ್ಟೇ: ಇಂಗ್ಲಿಷ್ ಕ್ರಿಯಾಪದ ತನ್ನ ನೇರ ಕರ್ಮಕ್ಕೆ ಅಂಟಿಕೊಂಡಿರುತ್ತದೆ, ನಡುವೆ ಅಡ್ವರ್ಬನ್ನು ಬಿಡುವುದಿಲ್ಲ. ಪ್ರಿಪೊಸಿಷನ್ ಬಂದರೆ ಅದರ ಮುಂದೆ ಜಾಗ ಸಿಗುತ್ತದೆ. ಅಡ್ವರ್ಬ್ ಪ್ರಿಪೊಸಿಷನ್ನಿಗಿಂತ ಮೊದಲು ಕೂರಬಹುದು, ಪ್ರಿಪೊಸಿಷನ್ನಿಗೂ ಅದರ ನಾಮಪದಕ್ಕೂ ನಡುವೆ ನುಸುಳುವಂತಿಲ್ಲ. ‘ವಾಕ್ಡ್ ಟು ಸ್ಲೋಲಿ ದ ಸ್ಟೇಷನ್’ ಅಂತ ಯಾರೂ ಹೇಳುವುದಿಲ್ಲ.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ನನ್ನ ಮುಂದೆ ಕೂತವರಲ್ಲಿ ಮನೆಯಲ್ಲಿ ದಖನಿ ಉರ್ದು ಆಡುವವರಿದ್ದಾರೆ, ಸೇಡಂ ಕಡೆಯ ತೆಲುಗಿನವರು, ಆಳಂದ ಗಡಿಯ ಮರಾಠಿಯವರು, ತಾಂಡಾಗಳಿಂದ ಬಂದ ಲಂಬಾಣಿ ಮಕ್ಕಳೂ ಇದ್ದಾರೆ. ಈ ಎಲ್ಲ ಭಾಷೆಗಳಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ನಾಮಪದಕ್ಕಿಂತ ಮೊದಲು ಬಂದರೆ, ಇಲ್ಲೆಲ್ಲ ಅದರ ಕೆಲಸ ಮಾಡುವ ಪ್ರತ್ಯಯ ನಾಮಪದದ ನಂತರ ಬರುತ್ತದೆ. ಅದಕ್ಕೇ ಮನೆಮಾತು ಯಾವುದಾದರೂ ಎಡವುವ ಜಾಗ ಒಂದೇ. ಪಾಠ ಮಾಡುವವನಿಗೆ ಇದೊಂದು ಅನುಕೂಲ, ಐದು ಥರ ವಿವರಿಸುವ ಗೊಡವೆ ಇಲ್ಲ.

ಹಾಗಾಗಿ ಮೊದಲು ವಿಭಕ್ತಿ ನೋಡಿ ಅಂದೆ. ‘ಅನ್ನು’ ಇದ್ದರೆ ನಡುವೆ ಜಾಗವಿಲ್ಲ. ‘ಗೆ’, ‘ಇಂದ’, ‘ಅಲ್ಲಿ’, ‘ಒಳಗೆ’ ಇದ್ದರೆ ಜಾಗವಿದೆ. ಮುಕ್ಕಾಲುಪಾಲು ವಾಕ್ಯಗಳಿಗೆ ಇದು ಸಾಕು. ಸಾಲದೇ ಹೋಗುವ ವಾಕ್ಯಗಳೇ ನಿಜವಾದ ಪಾಠ. ‘ಅವನು ನಕ್ಷೆಯನ್ನು ನೋಡಿದ’ ಎಂಬಲ್ಲಿ ಕನ್ನಡದಲ್ಲಿ ‘ಅನ್ನು’ ಇದೆ, ಇಂಗ್ಲಿಷಿನಲ್ಲಿ ‘ಲುಕ್ಡ್ ಅಟ್’. ಆದ್ದರಿಂದ ‘ಲುಕ್ಡ್ ಕೇರ್‌ಫುಲಿ ಅಟ್ ದ ಮ್ಯಾಪ್’ ನಡೆಯುತ್ತದೆ. ‘ಊರಿಗೆ ಮುಟ್ಟಿದೆವು’ ಎಂಬಲ್ಲಿ ‘ಗೆ’ ಇದೆ, ಆದರೆ ‘ರೀಚ್ಡ್’ ಪ್ರಿಪೊಸಿಷನ್ ಕೇಳುವುದಿಲ್ಲ. ‘ರೀಚ್ಡ್ ಸೇಫ್ಲಿ ದ ವಿಲೇಜ್’ ತಪ್ಪು. ಅದೇ ಅರ್ಥದ ‘ಅರೈವ್ಡ್’ ಹಾಕಿ ನೋಡಿ, ‘ಅರೈವ್ಡ್ ಸೇಫ್ಲಿ ಇನ್ ದ ವಿಲೇಜ್’ ಸಲೀಸಾಗಿ ಕೂರುತ್ತದೆ.

ಆಮೇಲೆ ಇಂಥ ಜೋಡಿಗಳನ್ನೇ ಕಟ್ಟಿಸಲು ಶುರು ಮಾಡಿದೆ. ‘ಎಂಟರ್ಡ್’ ಪಕ್ಕ ‘ವೆಂಟ್ ಇಂಟು’, ‘ಆನ್ಸರ್ಡ್’ ಪಕ್ಕ ‘ರಿಪ್ಲೈಡ್ ಟು’, ‘ಡಿಸ್ಕಸ್ಡ್’ ಪಕ್ಕ ‘ಟಾಕ್ಡ್ ಅಬೌಟ್’. ಕೋಟೆಯ ಜಾಮಿ ಮಸೀದಿ ಎಲ್ಲರೂ ನೋಡಿದ ಜಾಗ, 1367ರದ್ದು. ಅದನ್ನೇ ಇಟ್ಟುಕೊಂಡು ‘ವಿ ವೆಂಟ್ ಕ್ವಯಟ್ಲಿ ಇಂಟು ದ ಮಾಸ್ಕ್’, ‘ವಿ ಕ್ವಯಟ್ಲಿ ಎಂಟರ್ಡ್ ದ ಮಾಸ್ಕ್’ ಎಂದು ಎರಡೂ ಬರೆಸುತ್ತೇನೆ. ‘ಡಿಸ್ಕಸ್ಡ್ ಅಬೌಟ್’ ಎಂಬ ರೂಢಿ ತಪ್ಪು ಈ ಜೋಡಿಗಳಿಂದ ತಾನಾಗಿಯೇ ಕಡಿಮೆಯಾಯಿತು. ನಾನು ಬೈದದ್ದಕ್ಕಿಂತ ಇದು ಹೆಚ್ಚು ಕೆಲಸ ಮಾಡಿತು.

ಈ ನಡುವಿನ ಜಾಗದಿಂದ ಇನ್ನೊಂದು ಲಾಭ ಇದೆ. ‘ಹಿ ರ್‍ಯಾನ್ ಅಪ್ ದ ಸ್ಟೆಪ್ಸ್’, ‘ಹಿ ರ್‍ಯಾನ್ ಅಪ್ ಅ ಬಿಲ್’ ಇವೆರಡೂ ನೋಡಲು ಒಂದೇ ಥರ. ಒಂದರಲ್ಲಿ ಮೆಟ್ಟಿಲು ಹತ್ತಿ ಓಡಿದ, ಇನ್ನೊಂದರಲ್ಲಿ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ಖಾನಾವಳಿಯಲ್ಲಿ ಬಿಲ್ಲು ಬೆಳೆಸಿದ. ಯಾವ ‘ಅಪ್’ ಪ್ರಿಪೊಸಿಷನ್, ಯಾವುದು ಫ್ರೇಸಲ್ ವರ್ಬಿನ (ಎರಡು ಪದ ಸೇರಿ ಒಂದೇ ಅರ್ಥ ಕೊಡುವ ಕ್ರಿಯಾಪದದ) ಬಾಲ? ನಡುವೆ ‘ಕ್ವಿಕ್ಲಿ’ ತೂರಿಸಿ ನೋಡಿ. ‘ರ್‍ಯಾನ್ ಕ್ವಿಕ್ಲಿ ಅಪ್ ದ ಸ್ಟೆಪ್ಸ್’ ಓಡುತ್ತದೆ, ‘ರ್‍ಯಾನ್ ಕ್ವಿಕ್ಲಿ ಅಪ್ ಅ ಬಿಲ್’ ಓಡುವುದಿಲ್ಲ. ‘ಜಂಪ್ಡ್ ಸಡನ್ಲಿ ಆಫ್ ದ ವಾಲ್’ ಸರಿ, ‘ಟರ್ನ್ಡ್ ಸಡನ್ಲಿ ಆಫ್ ದ ಫ್ಯಾನ್’ ಸರಿಯಲ್ಲ. ಫ್ಯಾನ್ ಆರಿಸುವುದಾದರೆ ‘ಸಡನ್ಲಿ ಟರ್ನ್ಡ್ ಆಫ್ ದ ಫ್ಯಾನ್’ ಎಂದು ಅಡ್ವರ್ಬನ್ನು ಮುಂದೆ ಕಳಿಸಬೇಕು. ಫ್ರೇಸಲ್ ವರ್ಬುಗಳ ಉದ್ದ ಪಟ್ಟಿ ಉರು ಹೊಡೆಯುವವರಿಗೆ ಈ ಪರೀಕ್ಷೆ ಗೊತ್ತಿದ್ದರೆ ಅರ್ಧ ಭಾರ ಇಳಿಯುತ್ತದೆ.

‘ಸ್ಟ್ರೇಟ್’, ‘ರೈಟ್’, ‘ಜಸ್ಟ್’, ‘ಶಾರ್ಟ್ಲಿ’ ಬೇರೆ ಜಾತಿಯವು. ಇವು ಕ್ರಿಯಾಪದಕ್ಕಿಂತ ಪ್ರಿಪೊಸಿಷನ್ನಿಗೇ ಸೇರಿದವು: ‘ಸ್ಟ್ರೇಟ್ ಟು ಬೀದರ್’, ‘ರೈಟ್ ಬಿಹೈಂಡ್ ದ ಫೋರ್ಟ್’, ‘ಶಾರ್ಟ್ಲಿ ಆಫ್ಟರ್ ಸನ್‌ಸೆಟ್’. ಜಾಗ ಬದಲಾದರೆ ಅರ್ಥವೇ ಬದಲು. ‘ದ ಟ್ರೇನ್ ಲೆಫ್ಟ್ ಜಸ್ಟ್ ಆಫ್ಟರ್ ಸಿಕ್ಸ್’ ಅಂದರೆ ಆರು ಹೊಡೆದ ಮೇಲೆ ಸ್ವಲ್ಪಕ್ಕೇ ಹೊರಟಿತು. ‘ದ ಟ್ರೇನ್ ಜಸ್ಟ್ ಲೆಫ್ಟ್’ ಅಂದರೆ ಈಗಷ್ಟೇ ಹೋಯಿತು, ನೀವು ತಡ ಮಾಡಿದಿರಿ. ಈ ಎರಡನೆಯದು ಅಮೆರಿಕದ ಬಳಕೆ. ಬ್ರಿಟಿಷರ ರೂಢಿಯಲ್ಲಿ ‘ಹ್ಯಾಸ್ ಜಸ್ಟ್ ಲೆಫ್ಟ್’. ಪರೀಕ್ಷೆಯಲ್ಲಿ ಬ್ರಿಟಿಷ್ ರೂಪ ಬರೆದರೆ ಗಂಡಾಂತರವಿಲ್ಲ.

‘ವೆಂಟ್ ಹೋಮ್’ ಅನ್ನುವ ಬದಲು ‘ವೆಂಟ್ ಟು ಹೋಮ್’ ಅನ್ನುವ ತಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ‘ಹೋಮ್’ ತಾನೇ ಅಡ್ವರ್ಬ್, ‘ಹಿಯರ್’, ‘ದೇರ್’, ‘ಅಬ್ರಾಡ್’, ‘ಅಪ್‌ಸ್ಟೇರ್ಸ್’ ಹಾಗೆ. ನಮ್ಮ ‘ಮನೆಗೆ’ಯಲ್ಲಿರುವ ‘ಗೆ’ ಕೈ ಜಗ್ಗುತ್ತದೆ, ಅಷ್ಟೇ.

ಡಿಕ್ಟೇಷನ್ ಕೊಡುವಾಗ ಅಡ್ವರ್ಬ್ ಇನ್ನೊಂದು ಉಪಕಾರ ಮಾಡಿತು. ‘ವಾಕ್ಡ್’ ಕೊನೆಯಲ್ಲಿ ಕೇಳುವುದು ‘ಟ್’ ಸದ್ದು. ಹಿಂದೆಯೇ ‘ಟು’ ಬಂದರೆ ಎರಡೂ ಒಂದಾಗಿ ಭೂತಕಾಲವೇ ಕಿವಿಗೆ ಬೀಳುವುದಿಲ್ಲ. ಹುಡುಗರು ‘ವಾಕ್ ಟು’ ಅಂತ ಬರೆಯುತ್ತಾರೆ. ಕಿವಿಯ ತಪ್ಪಲ್ಲ, ಅಲ್ಲಿ ಕೇಳುವುದೇ ಅಷ್ಟು. ನಡುವೆ ಸ್ವರದಿಂದ ಶುರುವಾಗುವ ಅಡ್ವರ್ಬ್ ಇಟ್ಟು ‘ವಾಕ್ಡ್ ಅಲೋನ್ ಟು ದ ಸ್ಟೇಷನ್’ ಅಂದರೆ ‘ವಾಕ್ಟಲೋನ್’ ಎಂದು ‘ಟ’ಕಾರ ಸ್ಪಷ್ಟ ಕೇಳುತ್ತದೆ. ಮೊದಲು ಹೀಗೆ ಕೇಳಿಸಿ, ಆಮೇಲೆ ಅಡ್ವರ್ಬ್ ತೆಗೆದು ಅದೇ ವಾಕ್ಯ ಓದುತ್ತೇನೆ.

ನಿಷೇಧ ಬಂದಾಗ ‘ಡಿಡ್’ ನುಸುಳುತ್ತದೆ, ಆಗ ಅಡ್ವರ್ಬಿಗೆ ಎರಡು ಜಾಗ ಸಿಗುತ್ತವೆ. ‘ಐ ಡಿಡಂಟ್ ರಿಯಲಿ ಅಂಡರ್‌ಸ್ಟ್ಯಾಂಡ್’ ಅಂದರೆ ಅಷ್ಟಾಗಿ ತಿಳಿಯಲಿಲ್ಲ. ‘ಐ ರಿಯಲಿ ಡಿಡಂಟ್ ಅಂಡರ್‌ಸ್ಟ್ಯಾಂಡ್’ ಅಂದರೆ ಖರೇನೇ ತಿಳಿಯಲಿಲ್ಲ. ಸಂದರ್ಶನಕ್ಕೆ ಹೋಗುವವರು ಇದನ್ನು ಬಲ್ಲರೆ ಒಳ್ಳೆಯದು, ಮೊದಲನೆಯದು ಎಷ್ಟೋ ಮೃದು.

ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇಂಗ್ಲಿಷ್ ಪತ್ರಿಕೆ ಹಿಡಿದು ಬರುತ್ತಾರೆ. ‘ಸರ, ನೀವು ಕರ್ಮದ ಮುಂದ ಜಾಗ ಇಲ್ಲ ಅಂದ್ರಿ. ಇಲ್ಲಿ ಹ್ಯಾಂಗ ಕುಂತದ?’ ಅವರು ತೋರಿಸುವ ವಾಕ್ಯ ಈ ಥರದ್ದು: ‘ದ ಆಫೀಸರ್ ಎಗ್ಜಾಮಿನ್ಡ್ ಕೇರ್‌ಫುಲಿ ಎವ್ರಿ ಅಪ್ಲಿಕೇಷನ್ ದಟ್ ಹ್ಯಾಡ್ ಕಮ್ ಫ್ರಂ ಯಾದಗಿರಿ’. ಪ್ರಶ್ನೆ ಸರಿಯಾದದ್ದು, ಪತ್ರಿಕೆಯ ವಾಕ್ಯವೂ ಸರಿ. ಕರ್ಮ ಅಷ್ಟು ಉದ್ದವಾದಾಗ ಇಂಗ್ಲಿಷ್ ಅದನ್ನು ವಾಕ್ಯದ ತುದಿಗೆ ತಳ್ಳುತ್ತದೆ. ಇಲ್ಲದಿದ್ದರೆ ಕೊನೆಯಲ್ಲಿ ‘ಕೇರ್‌ಫುಲಿ’ ಬರುವ ಹೊತ್ತಿಗೆ ಅದು ಯಾವ ಕ್ರಿಯೆಗೆ ಸೇರಿದ್ದೆಂದು ಓದುವವನಿಗೆ ಗೊತ್ತಾಗದು, ಅರ್ಜಿ ಜೋಪಾನವಾಗಿ ಬಂತೋ ಅಧಿಕಾರಿ ಜೋಪಾನವಾಗಿ ನೋಡಿದನೋ ಎಂದು. ಅದೇ ವಾಕ್ಯದ ಕರ್ಮವನ್ನು ‘ಇಟ್’ ಎಂದು ಕತ್ತರಿಸಿ ಓದಿ ಅನ್ನುತ್ತೇನೆ. ‘ಎಗ್ಜಾಮಿನ್ಡ್ ಕೇರ್‌ಫುಲಿ ಇಟ್’ ಎಂದು ಓದಿದ ಕೂಡಲೇ ಅವರೇ ನಗುತ್ತಾರೆ. ಬಹುಆಯ್ಕೆ ಪ್ರಶ್ನೆಯಲ್ಲಿ ಹೀಗೆ ನಡುವೆ ಅಡ್ವರ್ಬ್ ಕೂತಿದ್ದು ಉದ್ದ ಕರ್ಮ ಕಂಡರೆ ಎರಡು ಸಲ ಓದಿ, ಕರ್ಮ ಚಿಕ್ಕದಿದ್ದರೆ ಆ ಆಯ್ಕೆಯನ್ನು ಯೋಚಿಸದೆ ಹೊಡೆದುಹಾಕಿ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತೇನೆ.