ಡಂಪಿನ ಹಸಿರನ್ನು ಏಪ್ರಿಲ್‌ನಲ್ಲಿ ಅಳೆಯಿರಿ

ಸಂಡೂರು ಕಡೆಯ ಒಂದು ಕಬ್ಬಿಣದ ಅದಿರಿನ ಗಣಿ. ಅದಿರು ತೆಗೆದು ಉಳಿದ ಮಣ್ಣು, ಕಲ್ಲು ಸುರಿದ ಗುಡ್ಡೆಗಳಿಗೆ ಅಲ್ಲಿ ಎಲ್ಲರೂ ಡಂಪು ಅಂತಲೇ ಅನ್ನುತ್ತಾರೆ. ಆ ಡಂಪುಗಳ ಮೇಲೆ ನೆಟ್ಟ ಹಸಿರು ನಿಜವಾಗಿ ನೆಲೆ ನಿಂತಿದೆಯಾ ಅಂತ ಹೇಳಲು ಒಂದು ಅಳತೆ ಗೊತ್ತು ಮಾಡುವ ಕೆಲಸ ನನ್ನ ಪಾಲಿಗೆ ಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ, ಮತ್ತೆ ಶುರು ಮಾಡಬೇಕಾದರೆ ಪ್ರತಿ ಗಣಿಗೂ ಒಂದು ಪುನಶ್ಚೇತನ ಯೋಜನೆ ಬೇಕು ಅಂತಾಯಿತು. ತಡೆಗೋಡೆ, ಚೆಕ್ ಡ್ಯಾಂ, ಇಳಿಜಾರಿಗೆ ತೆಂಗಿನ ನಾರಿನ ಚಾಪೆ, ಗಿಡ ನೆಡುವುದು, ಇವೆಲ್ಲ ನಮ್ಮ ಗಣಿಯಲ್ಲೂ ನಡೆದಿದ್ದವು.

ಮೊದಲ ದಿನ ರಿಜಿಸ್ಟರ್ ಕೈಗೆ ಕೊಟ್ಟರು. ನೂರಕ್ಕೆ ತೊಂಬತ್ತು ಗಿಡ ಬದುಕಿವೆ ಅಂತಿತ್ತು. ಮೇಲೆ ಹತ್ತಿ ನೋಡಿದರೆ ಅರ್ಧಕ್ಕರ್ಧ ಗಿಡ ಮೊಣಕಾಲೆತ್ತರ ಕೂಡ ಇರಲಿಲ್ಲ. ಮೂರು ವರ್ಷದ ಗಿಡ ಇಷ್ಟೇನಾ ಅಂದೆ. "ಸತ್ತ ಕಡೆಯೆಲ್ಲ ಪ್ರತಿ ಮಳೆಗಾಲಕ್ಕೂ ಹೊಸ ಸಸಿ ಹಾಕೀವಿ ಸಾರ್" ಅಂದ ವಾಚರ್. ಅವನೇನೂ ಮುಚ್ಚಿಡಲಿಲ್ಲ. ಗುಣಿ ಎಣಿಸಿದ್ದರು, ಗುಣಿಯಲ್ಲಿ ಗಿಡ ಇತ್ತು, ಲೆಕ್ಕ ಸರಿ ಇತ್ತು.

ಅವತ್ತೇ ಬದುಕಿದ ಗಿಡದ ಲೆಕ್ಕವನ್ನು ಪಕ್ಕಕ್ಕಿಟ್ಟೆ. ಅಮೆರಿಕದಲ್ಲಿ ಕಲ್ಲಿದ್ದಲು ಗಣಿಗಳಿಗಾಗಿ 1977ರಲ್ಲಿ ಬಂದ ಕಾನೂನನ್ನು ಹಿಂದೆ ಓದಿದ್ದೆ. ಸತ್ತ ಗಿಡದ ಗುಣಿಗೆ ಹೊಸ ಸಸಿ ಹಾಕಿ ಲೆಕ್ಕ ತುಂಬಿಸುವ ಈ ಗ್ಯಾಪ್ ಫಿಲ್ಲಿಂಗ್ ಆಟಕ್ಕೆ ಅದರ ನಿಯಮಗಳಲ್ಲಿ ಒಂದು ಕಡಿವಾಣ ಇದೆ. ನೆಟ್ಟ ಹಸಿರಿಗೆ ಗಣಿಯವರು ಇಷ್ಟು ವರ್ಷ ಹೊಣೆ ಅಂತ ಒಂದು ಅವಧಿ ಇದೆ. ಲೆಕ್ಕಕ್ಕೆ ಹಿಡಿದ ಗಿಡಗಳಲ್ಲಿ ಶೇ. 80 ಆದರೂ ಆ ಅವಧಿಯ ಶೇ. 60 ಭಾಗದಷ್ಟು ಕಾಲ ಅದೇ ಜಾಗದಲ್ಲಿ ನಿಂತಿರಬೇಕು. ನಿನ್ನೆ ನೆಟ್ಟು ಇವತ್ತು ಎಣಿಸುವ ಹಾಗಿಲ್ಲ. ನೆಲ ಮುಚ್ಚಿದ ಹಸಿರನ್ನು ಹತ್ತಿರದ ಒಂದು ಮಾದರಿ ಜಾಗಕ್ಕೆ ಹೋಲಿಸಬಹುದು. ಅಲ್ಲಿ ಇರುವುದರ ಶೇ. 90 ಬಂದರೆ ಪಾಸು. ಇವೆರಡನ್ನೂ ನಮ್ಮ ಅಳತೆಗೆ ತಂದುಕೊಂಡೆ.

ಮಾದರಿ ಜಾಗ ಹುಡುಕುವಾಗಲೇ ನಾನು ಎಡವಿದ್ದು. ಮಣ್ಣು ದಪ್ಪಗಿರುವ ಕಾಡನ್ನು ತೋರಿಸಿ ಡಂಪನ್ನು ಅದಕ್ಕೆ ಹೋಲಿಸಿದರೆ ಅನ್ಯಾಯ. ಹಾಗಾಗಿ ಅದೇ ದಿಕ್ಕಿಗೆ ಮುಖ ಮಾಡಿದ, ಕಲ್ಲು ಜಾಸ್ತಿ ಇರುವ ಒಂದು ಇಳಿಜಾರು ಆರಿಸಿದೆ. ಹುಲ್ಲು, ಅಲ್ಲಲ್ಲಿ ದಿಂಡಿಗ, ಕಕ್ಕೆ. ಅಳೆದು ನೋಡಿದರೆ ನಮ್ಮ ಡಂಪು ಅದಕ್ಕಿಂತ ಹಸಿರು! ಗಣಿಯವರಿಗೆ ಖುಷಿಯೋ ಖುಷಿ. ನನಗೆ ಮಾತ್ರ ಏನೋ ಸರಿ ಇಲ್ಲ ಅನ್ನಿಸಿತು. ಆಮೇಲೆ ಹೊಳೆಯಿತು. ಡಂಪಿಗೆ ಬೇಲಿ ಇದೆ, ಆ ಇಳಿಜಾರಿಗೆ ಇಲ್ಲ. ಅಲ್ಲಿ ದಿನಾ ಕುರಿ ಮೇಯುತ್ತವೆ, ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ. ಮೇಯ್ದು ಬಿಟ್ಟ ಹುಲ್ಲನ್ನು ಮಾದರಿ ಅಂದುಕೊಂಡಿದ್ದೆ. ಅದರದೇ ಒಂದು ಮೂಲೆಗೆ ಬೇಲಿ ಹಾಕಿಸಿ ಒಂದು ಮಳೆಗಾಲ ಕಾದೆ. ಹುಲ್ಲು ಎದ್ದು ನಿಂತಿತು, ಪಾಸಾಗುವ ಗೆರೆಯೂ ಮೇಲೆ ಹೋಯಿತು. ಮ್ಯಾನೇಜರ್ ವಾರಗಟ್ಟಲೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅಳೆಯುವುದು ಕಷ್ಟವೇನಲ್ಲ. 50 ಮೀಟರ್ ಟೇಪು ಎಳೆಯಿರಿ. ಮೀಟರಿಗೊಂದು ಸಲ ಸಣ್ಣ ಕಂಬಿಯನ್ನು ನೇರವಾಗಿ ಇಳಿಸಿ. ತುದಿಗೆ ಏನು ತಾಗಿತೋ ಅದನ್ನು ಬರೆಯಿರಿ: ಹುಲ್ಲು, ಗಿಡ, ಒಣಗಿದ ಎಲೆ, ಕಲ್ಲು, ಬರೀ ಮಣ್ಣು. ಐವತ್ತರಲ್ಲಿ ಎಷ್ಟು ಸಲ ಹಸಿರು ತಾಗಿತೋ ಅದರ ಎರಡರಷ್ಟು ಅಂದರೆ ಶೇಕಡಾ ಲೆಕ್ಕ ಸಿಕ್ಕಿತು. ಟೇಪು ಎಲ್ಲಿ ಎಳೆಯಬೇಕು ಅನ್ನುವುದನ್ನು ಮಾತ್ರ ಚೀಟಿ ಎತ್ತಿ ಗೊತ್ತು ಮಾಡಿ. ನಿಮ್ಮ ಕಾಲಿಗೆ ಬಿಟ್ಟರೆ ಅದು ಹಸಿರಿದ್ದ ಕಡೆಗೇ ಹೋಗುತ್ತದೆ, ನನ್ನದೂ ಹೋಗುತ್ತಿತ್ತು. ಟೇಪು ಎಳೆದ ಸಾಲು ಹೆಚ್ಚಿಸಿದಂತೆ ಸರಾಸರಿ ಏರಿಳಿಯುವುದು ನಿಲ್ಲಬೇಕು. ಅಲ್ಲಿಯವರೆಗೆ ಬಿಡಬೇಡಿ.

ಯಾವಾಗ ಅಳೆಯುತ್ತೀರಿ ಅನ್ನುವುದು ಇನ್ನೂ ಮುಖ್ಯ. ಅಕ್ಟೋಬರ್‌ನಲ್ಲಿ ಯಾವ ಡಂಪೂ ಚೆಂದ. ಮಳೆಗೆ ಎದ್ದ ಒಂದು ವರ್ಷದ ಕಳೆಯೆಲ್ಲ ಸೇರಿ ಮಲೆನಾಡಿನ ಹಾಗೆ ಕಾಣುತ್ತದೆ. ಏಪ್ರಿಲ್ ಹೊತ್ತಿಗೆ ಅದು ಒಣಗಿ, ಗಾಳಿಗೆ ಹಾರಿ, ನೆಲ ಬೋಳಾಗಿರುತ್ತದೆ. ಆಮೇಲೆ ಬರುವುದು ಮುಂಗಾರಿನ ಮುಂಚಿನ ಗುಡುಗು ಮಳೆ. ಕೆಂಪು ನೀರು ಹೊಲಕ್ಕೆ, ಕೆರೆಗೆ ಇಳಿಯುವುದು ಆಗಲೇ. ಆ ಹೊತ್ತಿನಲ್ಲಿ ಮಣ್ಣು ಹಿಡಿದುಕೊಳ್ಳುವುದು ಬುಡ ಗಟ್ಟಿಯಾದ, ವರ್ಷಗಟ್ಟಲೆ ಬಾಳುವ ಹುಲ್ಲು. ಹಾಗಾಗಿ ಎರಡೂ ಕಾಲದಲ್ಲಿ ಅಳೆದು, ಏಪ್ರಿಲ್ ಲೆಕ್ಕಕ್ಕೇ ಪಾಸು-ಫೇಲು ಅಂತ ಬರೆದೆ. ಮಾದರಿ ಜಾಗವನ್ನೂ ಅದೇ ವಾರ ಅಳೆಯಬೇಕು.

ಬಳ್ಳಾರಿ ಜಾಲಿ, ಲಂಟಾನ ಎರಡನ್ನೂ ಲೆಕ್ಕದಿಂದ ಬಿಟ್ಟೆ. "ಹಸಿರು ಹಸಿರೇ ಅಲ್ವಾ ಸಾರ್?" ಅಂತ ಜಗಳ ಬಂತು. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಮುಳ್ಳು ತಾನಾಗಿಯೇ ಬರುತ್ತದೆ, ಅದಕ್ಕೆ ಯಾರೂ ದುಡ್ಡು ಕೊಡಬೇಕಾಗಿಲ್ಲ. ಹುಲ್ಲಿನ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಕೆಳಗಿನ ಊರಿನ ಕುರಿ ಕಾಯುವ ತಾತ. ಬೇಲಿಯಾಚೆ ನಿಂತು ಒಂದೊಂದನ್ನೂ ತೋರಿಸಿ, ಇದು ಕುರಿ ತಿಂತದೆ, ಇದು ಮೂಸಿ ಬಿಡ್ತದೆ ಅಂತ ಹೇಳಿದ. ಗಣಿ ಮುಗಿದ ಮೇಲೆ ಆ ನೆಲ ಮೇವು ಬೆಳೆಯುವ ಹಾಗೆ ಆಗಬೇಕು ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ತಾತನ ಪಟ್ಟಿಯನ್ನು ಹಾಗೇ ನಮ್ಮ ಅಳತೆಗೆ ಸೇರಿಸಿದೆ.

ಕೊನೆಯದು ಅವಧಿ. ಆ ಅಮೆರಿಕದ ನಿಯಮದಲ್ಲಿ ವರ್ಷಕ್ಕೆ 66 ಸೆಂ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಕಡೆ 5 ವರ್ಷ, ಕಡಿಮೆ ಇರುವ ಕಡೆ 10 ವರ್ಷ ಕಾಯಬೇಕು. ಹೆಚ್ಚುವರಿ ನೀರು, ಗೊಬ್ಬರ, ಬೀಜ ಕೊಡುವುದು ನಿಂತ ಮೇಲೆಯೇ ಆ ಎಣಿಕೆ ಶುರು. ನಾವು 5 ವರ್ಷ ಇಟ್ಟುಕೊಂಡೆವು, ನೀರಿನ ಷರತ್ತನ್ನು ಹಾಗೇ ಉಳಿಸಿಕೊಂಡೆವು.

ಮೂರನೇ ಏಪ್ರಿಲ್‌ನಲ್ಲಿ ಡಂಪಿನ ಪಶ್ಚಿಮದ ಮುಖ ಅನುಮಾನ ಬರುವಷ್ಟು ಚೆನ್ನಾಗಿತ್ತು. ಟೇಪು ಹಿಡಿದು ಮೇಲಿನ ಬೆಂಚಿಗೆ, ಅಂದರೆ ಇಳಿಜಾರಿನಲ್ಲಿ ಮೆಟ್ಟಿಲಿನ ಹಾಗೆ ಬಿಟ್ಟ ಸಮತಟ್ಟು ಜಾಗಕ್ಕೆ, ಹೋದರೆ ಒದ್ದೆ ಮಣ್ಣಿನ ಮೇಲೆ ಟ್ಯಾಂಕರ್ ಚಕ್ರದ ಗುರುತು. ಯಾರು ನೀರು ಹಾಕಿಸಿದ್ದು ಅಂತ ಕೇಳಿದೆ. ಗಿಡ ಒಣಗ್ತಿತ್ತು, ಪಾಪ ಅನ್ನಿಸಿತು ಅಂದರು. ಆ ಮುಖದ ಎಣಿಕೆಯನ್ನು ಮತ್ತೆ ಒಂದನೇ ವರ್ಷ ಅಂತ ಬರೆದು ಕೆಳಗಿಳಿದೆ.